ಎರಡು ಎಂಜಿನ್ ಹಾಕಿದರೂ ಒಂದರಲ್ಲಿ ಏರುತ್ತಿಲ್ಲ, ಲೆಕ್ಕ ಎಲ್ಲಿ ತಪ್ಪಿದೆ?

ಹಿನ್ನೀರು, ಸಾಗರ

ನಮಸ್ಕಾರ. ಎರಡು ಸೀಟಿನ ಚಿಕ್ಕ ವಿಮಾನವೊಂದನ್ನು ಮನೆಯಲ್ಲೇ ಕಟ್ಟುವ ಆಸೆ. ಸದ್ಯಕ್ಕೆ ಎಲ್ಲ ಎಕ್ಸೆಲ್ ಶೀಟಿನಲ್ಲೇ ಇದೆ, ಒಂದು ರಿವೆಟ್ ಕೂಡ ಹೊಡೆದಿಲ್ಲ. ಶಿವಮೊಗ್ಗ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಕೆಳಗೆ ಬರೀ ಕಾಡು, ಗುಡ್ಡ, ಅಡಿಕೆ ತೋಟ. ಎಂಜಿನ್ ಕೈಕೊಟ್ಟರೆ ಇಳಿಯಲು ಜಾಗ ಎಲ್ಲಿದೆ? ಹಾಗಾಗಿ ಎರಡು ಇರಲಿ ಅಂತ ಹೊರಟೆ.

ತುಂಬಿದ ತೂಕ 650 ಕೆಜಿ. ತಲಾ 50 ಹೆಚ್‌ಪಿಯ ಎರಡು ಟೂ-ಸ್ಟ್ರೋಕ್ ಎಂಜಿನ್, ಎಡಬಲ ರೆಕ್ಕೆಗೆ ಒಂದೊಂದು, ನಡುವಿನಿಂದ ಒಂದೂವರೆ ಮೀಟರ್ ಆಚೆ. ಫಿಕ್ಸೆಡ್ ಪಿಚ್, ಅಂದರೆ ಅಲಗಿನ ಕೋನ ಬದಲಾಗದ ಪ್ರೊಪೆಲ್ಲರ್. ಏರುವಾಗ ಹಾರುವ ವೇಗ ಗಂಟೆಗೆ 110 ಕಿಮೀ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲು, ಶಿವಮೊಗ್ಗದ ಎತ್ತರ ಹಿಡಿದು ಲೆಕ್ಕ ಹಾಕಿದ್ದೇನೆ.

ಎರಡೂ ಓಡಿದರೆ ನಿಮಿಷಕ್ಕೆ 570 ಅಡಿ ಏರುತ್ತದೆ. ಒಂದು ನಿಂತರೆ ಅರ್ಧ, ಅಂದರೆ 280 ಆದರೂ ಬರಬೇಕಲ್ವಾ? ಶೀಟ್ ಮೈನಸ್ 165 ತೋರಿಸುತ್ತಿದೆ. ಸೂತ್ರ ಯಾರಾದರೂ ನೋಡ್ತೀರಾ?

ರೋಟ್ಯಾಕ್ಸ್ ರಿಪೇರಿ, ಬೆಂಗಳೂರು

ಸೂತ್ರ ಸರಿಯಾಗೇ ಇದೆ ಮಾರಾಯ್ರೇ. ವಿಮಾನವೇ ಹಾಗೆ.

ಮೊದಲು ಗಾಳಿ. ಶಿವಮೊಗ್ಗ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಹತ್ತಿರ ಇದೆ. 35 ಡಿಗ್ರಿ ಬಿಸಿಲಲ್ಲಿ ಎಂಜಿನ್ ಪಾಲಿಗೆ ಅದು 4,900 ಅಡಿ ಎತ್ತರದ ಗಾಳಿ. ಸಾವಿರ ಅಡಿಗೆ ಸುಮಾರು ಶೇ. 3ರಂತೆ ಶಕ್ತಿ ಇಳಿಯುತ್ತದೆ. 50 ಹೆಚ್‌ಪಿ ಅಲ್ಲೇ 42 ಚಿಲ್ಲರೆ ಆಯಿತು. ಏರುವಾಗ ಫಿಕ್ಸೆಡ್ ಪಿಚ್ ಪ್ರೊಪೆಲ್ಲರ್ ಅದರಲ್ಲಿ ಶೇ. 60ರಷ್ಟನ್ನು ಕೆಲಸಕ್ಕೆ ತಂದರೆ ಪುಣ್ಯ. ಕೈಗೆ ಸಿಗುವುದು ಎಂಜಿನ್‌ಗೆ 25 ಹೆಚ್‌ಪಿ ಚಿಲ್ಲರೆ, ಎರಡೂ ಸೇರಿ 51.

ಇನ್ನು ಖರ್ಚು. ಏರದೆ ಇಳಿಯದೆ ಸುಮ್ನೆ ಹಾರಲು ನಿಮ್ಮ ವಿಮಾನಕ್ಕೆ 26 ಬೇಕು. ಉಳಿದ 25 ಮಾತ್ರ ಏರಿಸುತ್ತದೆ. ಇದು ಸಂಬಳ ಇದ್ದ ಹಾಗೆ. ಸಂಬಳ ಅರ್ಧ ಆಯಿತು ಅಂತ ಮನೆ ಬಾಡಿಗೆ ಅರ್ಧ ಆಗುವುದಿಲ್ಲ. ಇಲ್ಲಂತೂ ಬಾಡಿಗೆ ಜಾಸ್ತಿಯೇ ಆಗುತ್ತದೆ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಲ್ಲುತ್ತದೆ, ಇಲ್ಲವೇ ಗಾಳಿಗೆ ತಿರುಗುತ್ತಾ ಎಳೆಯುತ್ತದೆ. ದೊಡ್ಡ ವಿಮಾನದಲ್ಲಿ ಅದರ ಅಲಗುಗಳನ್ನು ಗಾಳಿಗೆ ನೇರ ಮಾಡಿ ಫೆದರ್ ಮಾಡುತ್ತಾರೆ, ನಿಮ್ಮದರಲ್ಲಿ ಆ ಸೌಕರ್ಯ ಇಲ್ಲ. ಓಡುವ ಎಂಜಿನ್ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ, ನೀವು ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಹಿಡಿಯಬೇಕು, ಅದೂ ಎಳೆತವೇ. ಒಟ್ಟು 32–33 ಹೆಚ್‌ಪಿ ಬೇಕು, ಇರುವುದು 25. ಅದೇ ನಿಮ್ಮ ಮೈನಸ್.

ಕಾರ್ಖಾನೆಯಲ್ಲಿ ಕಟ್ಟಿದ ಸಣ್ಣ ಟ್ವಿನ್‌ಗಳಲ್ಲೂ, ಅಂದರೆ ಎರಡು ಎಂಜಿನ್ನಿನ ವಿಮಾನಗಳಲ್ಲೂ, ಒಂದು ಎಂಜಿನ್ ಹೋದರೆ ಏರುವ ಶಕ್ತಿ ಶೇ. 80ರಷ್ಟು ಹೋಗುತ್ತದೆ. ಟ್ವಿನ್ ಹಾರಿಸುವ ತರಬೇತಿಯಲ್ಲಿ ಇದು ಮೊದಲ ಪಾಠ.

ಹಿನ್ನೀರು

ಹಾಗಾದರೆ ಎರಡನೇ ಎಂಜಿನ್ ದಂಡವಾ? ಒಬ್ಬನೇ ಹಾರಿದರೆ?

ರೋಟ್ಯಾಕ್ಸ್ ರಿಪೇರಿ

ಒಬ್ಬರೇ, ಅರ್ಧ ಪೆಟ್ರೋಲ್, 520 ಕೆಜಿ ಅಂತಿಟ್ಟುಕೊಳ್ಳಿ. ವೇಗ 100ರ ಹತ್ತಿರ ಇಳಿಸಿದರೆ ಒಂದೇ ಎಂಜಿನ್ನಿನಲ್ಲಿ ನಿಮಿಷಕ್ಕೆ ಪ್ಲಸ್ 50 ಅಡಿ ಬರುತ್ತದೆ. ಕಾಗದದ ಮೇಲೆ. ಗುಡ್ಡದ ಮರೆಯ ಇಳಿಗಾಳಿ ಅದನ್ನು ಒಂದೇ ಗುಟುಕಿಗೆ ನುಂಗುತ್ತದೆ.

ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ನೆಲದಿಂದ 3,000 ಅಡಿ ಮೇಲೆ ಇದ್ದೀರಿ, ಒಂದು ನಿಂತಿತು. ನಿಮಿಷಕ್ಕೆ 165 ಅಡಿ ಇಳಿಯುತ್ತಾ ಸುಮಾರು 33 ಕಿಮೀ ಹೋಗಬಹುದು. ಒಂಟಿ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ಆರಿದರೆ ಅದೇ ಎತ್ತರದಿಂದ 7 ಕಿಮೀ ಚಿಲ್ಲರೆ. ಮಲೆನಾಡಿನಲ್ಲಿ ಈ ಎರಡರ ನಡುವೆ ಕೊಯ್ಲಾದ ಗದ್ದೆ ಸಿಗುತ್ತದೋ, ಮರದ ತುದಿ ಸಿಗುತ್ತದೋ ಎಂಬಷ್ಟು ವ್ಯತ್ಯಾಸ ಇದೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಕಾಣುವ ಬಯಲನ್ನು ನಂಬಬೇಡಿ. ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಿ ಹಾಗೇ ನಿಂತಿವೆ, ಮೇಲಿಂದ ಕಾಣುವುದಿಲ್ಲ.

ಟೇಕಾಫ್ ಆದ ಕೂಡಲೇ ನಿಂತರೆ ಮಾತ್ರ ಎರಡನೇ ಎಂಜಿನ್ ನಿಮ್ಮ ವೈರಿ. ವೇಗ ಕಡಿಮೆ ಇದೆ, ರಡ್ಡರ್‌ಗೆ ಗಾಳಿ ಸಾಲದು, ಓಡುವ ಎಂಜಿನ್ ಪೂರ್ತಿ ಜೋರಿನಲ್ಲಿ ಮೂತಿ ತಿರುಗಿಸುತ್ತದೆ. ಒಂದು ವೇಗಕ್ಕಿಂತ ಕೆಳಗೆ ರಡ್ಡರ್ ಪೂರ್ತಿ ಒತ್ತಿದರೂ ಹಿಡಿಯಲು ಆಗುವುದಿಲ್ಲ, ಅದಕ್ಕೆ ವಿಎಂಸಿ ಅಂತಾರೆ. ಆಮೇಲೆ ರೆಕ್ಕೆ ಮಗುಚುತ್ತದೆ. ಉಪಾಯ ಒಂದೇ: ಚೆನ್ನಾಗಿರುವ ಎಂಜಿನ್ನಿನ ಥ್ರಾಟಲ್ ಎಳೆದು, ಮೂತಿ ಇಳಿಸಿ, ಎದುರಿಗೆ ಏನಿದೆಯೋ ಅಲ್ಲೇ ಇಳಿಯುವುದು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಹಾಗೆ ಮೂರು ಕಿಮೀ ರನ್‌ವೇ ಇದ್ದರೆ ಎದುರಿಗೆ ಇನ್ನೂ ರನ್‌ವೇ ಉಳಿದಿರುತ್ತದೆ. ಗದ್ದೆ ಬದಿಯ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನೊಂದು ವಿಷಯ, ಯಾರೂ ಕೇಳಲು ಇಷ್ಟಪಡಲ್ಲ. ಎಂಜಿನ್ ಎರಡಾದರೆ ಯಾವುದೋ ಒಂದು ಕೈಕೊಡುವ ಸಂಭವವೂ ಎರಡು ಪಟ್ಟು.

ಗಾಳಿಪಟ, ತೀರ್ಥಹಳ್ಳಿ

ಅಣ್ಣಾ, ಕ್ರಿ-ಕ್ರಿ ಅನ್ನೋ ಪುಟ್ಟ ವಿಮಾನ ಬರೀ 15 ಹೆಚ್‌ಪಿಯ ಎರಡು ಎಂಜಿನ್‌ನಲ್ಲಿ ಹಾರುತ್ತದಲ್ಲ? ಮನೆಯಲ್ಲಿ ಕಟ್ಟಿದ್ದೇ ಅಲ್ವಾ ಅದೂ?

ರೋಟ್ಯಾಕ್ಸ್ ರಿಪೇರಿ

ಹೌದು. ಫ್ರಾನ್ಸಿನ ಮಿಶೆಲ್ ಕೊಲೊಂಬಾ ವಿನ್ಯಾಸ, 1973ರಲ್ಲಿ ಮೊದಲು ಹಾರಿತು. ಆದರೆ ಅದು ಒಂದು ಸೀಟಿನದು, ಖಾಲಿ ತೂಕ 80 ಕೆಜಿಯೂ ಇಲ್ಲ. ಎಂಜಿನ್‌ಗಳೂ ರೆಕ್ಕೆಯ ಮೇಲಿಲ್ಲ, ಮೂತಿಯಿಂದ ಚಾಚಿದ ಎರಡು ಕೊಂಬಿನ ತುದಿಯಲ್ಲಿ ಅಕ್ಕಪಕ್ಕ ಇವೆ. ಒಂದು ನಿಂತರೂ ಮೂತಿ ಅಷ್ಟು ತಿರುಗುವುದಿಲ್ಲ.

ನಿಮ್ಮಿಬ್ಬರಿಗೂ ನಾನು ತೋರಿಸುವುದು ಏರ್‌ಕ್ಯಾಮ್, ಬಿಡಿಭಾಗದ ಕಿಟ್ ತಂದು ಕಟ್ಟುವ ಟ್ವಿನ್. ಕಾಂಗೋ ಕಾಡಿನ ಮೇಲೆ ನ್ಯಾಷನಲ್ ಜಿಯೋಗ್ರಾಫಿಕ್ ಫೋಟೋ ಕೆಲಸಕ್ಕೆ ಅಂತಲೇ ಹುಟ್ಟಿದ್ದು. ಕೆಳಗೆ ಇಳಿಯಲು ಜಾಗವೇ ಇಲ್ಲದ ಕಡೆ ನಿಧಾನಕ್ಕೆ, ತಗ್ಗಿನಲ್ಲಿ ಹಾರಬೇಕಿತ್ತು. ಈಗಿನ ಕಿಟ್‌ನಲ್ಲಿ 100 ಹೆಚ್‌ಪಿಯ ಎರಡು ರೋಟ್ಯಾಕ್ಸ್ 912 ಹಾಕುತ್ತಾರೆ, ತುಂಬಿದ ತೂಕ 760 ಕೆಜಿ ಆಸುಪಾಸು. ನಿಮ್ಮದಕ್ಕೆ ಹೋಲಿಸಿ: ತೂಕ ಸ್ವಲ್ಪ ಜಾಸ್ತಿ, ಶಕ್ತಿ ಎರಡು ಪಟ್ಟು. ಎಂಜಿನ್‌ಗಳು ನಡುವಿಗೆ ಹತ್ತಿರ. ಅದಕ್ಕೇ ಒಂದರಲ್ಲೂ ಏರುತ್ತದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಮತ್ತೆ ಮೂಲ ವಿನ್ಯಾಸದಲ್ಲಿ ಕಾಕ್‌ಪಿಟ್‌ಗೆ ಮಾಡು ಇಲ್ಲ. ಆಗುಂಬೆ ಮಳೆಗೆ ಕೊಡೆ ಹಿಡಿದು ಕೂರಬೇಕು.

ಹಿಂದೊಂದು ಮುಂದೊಂದು ಎಂಜಿನ್ ಇಡುವ ದಾರಿಯೂ ಇದೆ. ಬರ್ಟ್ ರುಟಾನ್‌ನ ಡಿಫಯಂಟ್ ಹಾಗಿದೆ, ಸೆಸ್ನಾ ಸ್ಕೈಮಾಸ್ಟರ್ ಕೂಡ. ಮೂತಿ ತಿರುಗುವ ರಗಳೆಯೇ ಇಲ್ಲ. ಆದರೆ ಹಿಂದಿನ ಎಂಜಿನ್‌ಗೆ ತಂಪು ಗಾಳಿ ಸಾಲದು, ಸದ್ದು ಜಾಸ್ತಿ. ಮೂತಿ ತಿರುಗದ ಕಾರಣಕ್ಕೇ ಹಿಂದಿನದು ನಿಂತದ್ದು ಗೊತ್ತಾಗದೆ ಟೇಕಾಫ್‌ಗೆ ಹೊರಟು ಬಿದ್ದವರೂ ಇದ್ದಾರೆ.

ಹಿನ್ನೀರು ಅವರೇ, 650 ಕೆಜಿಗೆ ಎರಡು 50 ಬೇಡ. ಒಂದೇ 912 ಹಾಕಿ, ಘಟ್ಟದ ಮೇಲೆ ಎತ್ತರ ಇಟ್ಟುಕೊಂಡು ಹಾರಿ. ಎರಡೇ ಬೇಕು ಅಂದರೆ ಎರಡು 80, ನಡುವಿಗೆ ಹತ್ತಿರ. ಮಧ್ಯದ ದಾರಿ ಇಲ್ಲ.

ಹಿನ್ನೀರು

ಎರಡು 80 ಹಾಕಿ ಮತ್ತೆ ಲೆಕ್ಕ ಮಾಡುತ್ತೇನೆ. ಟ್ಯಾಂಕ್ ಸೀಟಿನ ಹಿಂದೆ ಒಂದೇ ಇಟ್ಟರೆ ಆಗುತ್ತದಾ? ಹಾರಾಟ ಪರೀಕ್ಷೆಯಲ್ಲಿ ಒಂದು ಎಂಜಿನ್ ಆರಿಸಿ ನೋಡಬೇಕಾ?

ರೋಟ್ಯಾಕ್ಸ್ ರಿಪೇರಿ

ಎರಡನೆಯದಕ್ಕೆ ಮೊದಲು ಉತ್ತರ. ನಿಜವಾಗಿ ಆರಿಸಬೇಡಿ. ಎತ್ತರದಲ್ಲಿ ಒಂದರ ಥ್ರಾಟಲ್ ಇಳಿಸಿ, ವೇಗ ನಿಧಾನಕ್ಕೆ ಕಡಿಮೆ ಮಾಡುತ್ತಾ ರಡ್ಡರ್ ಎಲ್ಲಿ ಸೋಲುತ್ತದೆ ನೋಡಿ. ನಮ್ಮ ದೇಶದಲ್ಲೇ ಕಟ್ಟಿದ, ಎರಡು ಎಂಜಿನ್ನಿನ ಸರಸ್ ವಿಮಾನ 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಬಿದ್ದದ್ದು ಇಂಥ ಪರೀಕ್ಷೆಯಲ್ಲೇ. ಆರಿಸಿದ ಎಂಜಿನ್ ಮತ್ತೆ ಹೊತ್ತಿಸುವಾಗ ವಾಯುಪಡೆಯ ಮೂವರು ಹೋದರು. ಅವರೆಲ್ಲ ನುರಿತವರು. ಇದಕ್ಕೂ ಮೊದಲು ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಅನುಮತಿ ಬೇಕು, ಅದಕ್ಕೆ ಬೇರೆ ಚರ್ಚೆ ತೆರೆಯಿರಿ.

ಟ್ಯಾಂಕ್ ಒಂದೇ ಆದರೆ ಎಂಜಿನ್ ಎರಡಿದ್ದೂ ಪ್ರಯೋಜನ ಇಲ್ಲ. ಒಂದೇ ಕ್ಯಾನಿನ ನೀರು ಸೇರಿದ ಪೆಟ್ರೋಲ್ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಟ್ಯಾಂಕ್, ಪಂಪ್, ಫಿಲ್ಟರ್, ಇಗ್ನಿಷನ್ ಎಲ್ಲ ಬೇರೆ ಬೇರೆ ಇರಲಿ. ಒಂದು ಕಡೆಯ ಪೆಟ್ರೋಲನ್ನು ಇನ್ನೊಂದು ಕಡೆಗೆ ಬಿಡುವ ನಡುವಿನ ಕ್ರಾಸ್‌ಫೀಡ್ ವಾಲ್ವ್ ಟೇಕಾಫ್‌ನಲ್ಲಿ ಮುಚ್ಚಿರಲಿ. ಎರಡೂ ಎಂಜಿನ್ನಿನ ಕಾರ್ಬ್ಯುರೇಟರ್‌ಗೆ ಬಿಸಿ ಕೊಡುವ ವ್ಯವಸ್ಥೆ ಇರಲಿ. ಮಲೆನಾಡಿನ ತೇವದ ಗಾಳಿಯಲ್ಲಿ 15 ಡಿಗ್ರಿ ಇದ್ದರೂ ಒಳಗೆ ಐಸ್ ಕಟ್ಟುತ್ತದೆ, ಅದೂ ಎರಡರಲ್ಲೂ ಒಂದೇ ಹೊತ್ತಿಗೆ.

ಬಂಕ್ ಪೆಟ್ರೋಲ್ ಈಗ ಶೇ. 20 ಎಥನಾಲ್. 912ಗೆ ರೋಟ್ಯಾಕ್ಸ್ ಒಪ್ಪುವುದು ಶೇ. 10ರವರೆಗೆ. ಮಳೆಗಾಲದಲ್ಲಿ ಎಥನಾಲ್ ನೀರು ಹೀರಿ, ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ. ಗಾಜಿನ ಅಳತೆ ಜಾಡಿಗೆ 10 ಮಿಲಿ ನೀರು, 100 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಕೆಳಗಿನ ನೀರಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 20ರ ಹತ್ತಿರ ಬಂದರೆ ಶೇ. 10 ಅಂತ ತಿಳಿಯಿರಿ. 30ಕ್ಕೆ ಏರಿದರೆ ಆ ಪೆಟ್ರೋಲ್ ನಿಮ್ಮ ಸ್ಕೂಟರ್‌ಗೆ ಇರಲಿ.