ಆಂಡ್ರೋಮಿಡಾ ಅಷ್ಟು ದೂರ ಇದೆ ಅಂತ ಹಬಲ್‌ಗೆ ಹೇಗೆ ಗೊತ್ತಾಯ್ತು?

ಪ್ರಶ್ನೆ:
ಆಂಡ್ರೋಮಿಡಾ ನಮ್ಮ ಗ್ಯಾಲಕ್ಸಿಯ ಹೊರಗಿರುವ ಇನ್ನೊಂದು ಗ್ಯಾಲಕ್ಸಿ ಎಂದು ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದರಂತೆ. ಅಷ್ಟು ದೂರವನ್ನು ಅಳೆಯೋದು ಹೇಗೆ? ನಿನ್ನೆ ರಾತ್ರಿ ಬೈನಾಕ್ಯುಲರ್‌ನಲ್ಲಿ ಅದನ್ನು ನೋಡಿದೆ. ಸರಿಯಾಗಿ ಒರೆಸದ ಸೀಮೆಸುಣ್ಣದ ಗುರುತಿನ ಹಾಗಿತ್ತು. ಆಗಿನಿಂದ ಇದೇ ತಲೆಯಲ್ಲಿ ಓಡುತ್ತಿದೆ.

ಉತ್ತರ 1:
ಒಂದೇ ಒಂದು ನಕ್ಷತ್ರದಿಂದ! 1923ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಟೆಲಿಸ್ಕೋಪ್‌ನಲ್ಲಿ ಹಬಲ್ ಆಂಡ್ರೋಮಿಡಾದ ಚಿತ್ರವನ್ನು ಗಾಜಿನ ಫಲಕದ ಮೇಲೆ ತೆಗೆದರು. ಒಂದು ಚುಕ್ಕಿಯನ್ನು ನೋವಾ (ಇದ್ದಕ್ಕಿದ್ದಂತೆ ಬೆಳಗಿ ಮಂಕಾಗುವ ನಕ್ಷತ್ರ) ಎಂದುಕೊಂಡು ಪಕ್ಕದಲ್ಲಿ ‘ಎನ್’ ಎಂದು ಬರೆದರು. ಹಳೆಯ ಫಲಕಗಳ ಜೊತೆ ಹೋಲಿಸಿದರೆ ಅದು ಮತ್ತೆ ಮತ್ತೆ ಬೆಳಗಿ ಮಂಕಾಗುತ್ತಿತ್ತು. ‘ಎನ್’ ಹೊಡೆದುಹಾಕಿ ‘ವಿಎಆರ್!’ ಎಂದು ಬರೆದರು. ಅಂದರೆ ಬೆಳಕು ಬದಲಾಗುವ ನಕ್ಷತ್ರ. ಆ ಫಲಕದ ಫೋಟೋ ನೋಡಿದಾಗಲೆಲ್ಲ ನನ್ನ ಕಣ್ಣು ಆ ಉದ್ಗಾರ ಚಿಹ್ನೆಯ ಮೇಲೇ ನಿಲ್ಲುತ್ತದೆ.

ಉತ್ತರ 2:
ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್ ಹೆಸರು ಬಿಟ್ಟರೆ ಈ ಕಥೆ ಅರ್ಧವೇ. ಹಬಲ್ ಕಂಡಂಥ, ಒಂದೇ ಲಯದಲ್ಲಿ ಬೆಳಗಿ ಮಂಕಾಗುವ ನಕ್ಷತ್ರಕ್ಕೆ ಸೆಫೀಡ್ ಅಂತಾರೆ. ಅದು ನಿಧಾನವಾಗಿ ಮಿಡಿದಷ್ಟೂ ಅದರ ನಿಜವಾದ ಬೆಳಕು ಜಾಸ್ತಿ ಎಂದು 1912ರಲ್ಲಿ ತೋರಿಸಿದ್ದು ಅವರು. ಅದೂ ಬರೀ 25 ನಕ್ಷತ್ರಗಳಿಂದ. ಹಬಲ್‌ಗೆ ಸಿಕ್ಕಿದ್ದು ಸುಮಾರು 31 ದಿನಕ್ಕೊಮ್ಮೆ ಮಿಡಿಯುವ ಸೆಫೀಡ್. ಅಂದರೆ ತುಂಬಾ ಪ್ರಕಾಶದ್ದು. ಆದರೂ ಅಷ್ಟು ಮಂಕಾಗಿ ಕಾಣಬೇಕಾದರೆ ಎಷ್ಟು ದೂರ ಇರಬೇಕು, ಲೆಕ್ಕ ಹಾಕಿ. ಹಬಲ್‌ಗೆ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಈಗಿನ ಲೆಕ್ಕ ಸುಮಾರು 25 ಲಕ್ಷ. ಸೆಫೀಡ್‌ಗಳಲ್ಲಿ ಎರಡು ಬಗೆ ಇವೆ ಅನ್ನೋದು ಆಗ ಗೊತ್ತಿರಲಿಲ್ಲ, ಹಬಲ್ ಲೆಕ್ಕ ಕಡಿಮೆ ಬಂದಿದ್ದಕ್ಕೆ ಅದೊಂದು ಕಾರಣ. ಲೆವಿಟ್ 1921ರಲ್ಲೇ ತೀರಿಕೊಂಡರು. ತಮ್ಮ ನಿಯಮ ಎಲ್ಲಿಗೆ ಮುಟ್ಟಿತು ಅಂತ ಅವರು ನೋಡಲೇ ಇಲ್ಲ. ನನಗೆ ಇದು ಬಹಳ ನೋವಿನ ವಿಷಯ.

ಪ್ರಶ್ನೆ ಕೇಳಿದವರು:
ಹಾಗಾದರೆ ನಿನ್ನೆ ನಾನು ನೋಡಿದ್ದು 25 ಲಕ್ಷ ವರ್ಷ ಹಳೆಯ ಬೆಳಕು! ಇವತ್ತು ಮೋಡ ಇಲ್ಲ. ಮತ್ತೆ ನೋಡ್ತೀನಿ.