ಸಹಾಯ ಬೇಕು: 401(ಕೆ) ಕ್ಯಾಚ್-ಅಪ್ ಲೆಕ್ಕ, ನಡುವರ್ಷದಲ್ಲಿ ಕೆಲಸ ಬದಲಾವಣೆ

ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ, ಬರುವ ನವೆಂಬರ್‌ಗೆ ಐವತ್ತು ತುಂಬುತ್ತದೆ. 2025ರ 401(ಕೆ), ಅಂದರೆ ಸಂಬಳದಿಂದ ಕಡಿತವಾಗಿ ಸೇರುವ ನಿವೃತ್ತಿ ಉಳಿತಾಯದ ಮಿತಿ 23,500 ಡಾಲರ್. ಆ ವರ್ಷದ ಡಿಸೆಂಬರ್ 31ರೊಳಗೆ ಐವತ್ತಾದವರು ಕ್ಯಾಚ್-ಅಪ್ ಎಂದು ಇನ್ನೂ 7,500 ಹಾಕಬಹುದು. ಅಲ್ಲಿಗೆ ಸರಿ.

ಜೂನ್‌ನಲ್ಲಿ ಕೆಲಸ ಬದಲಿಸಿದೆ. ಹಳೆಯ ಕಂಪನಿಯ ಕೊನೆಯ ಸಂಬಳ ಚೀಟಿಯಲ್ಲಿ 401(ಕೆ)ಗೆ ಒಟ್ಟು ಕಡಿತ 14,000. ಮಿತಿ ಆಳಿಗೊಂದು, ಕಂಪನಿಗೊಂದಲ್ಲ; ಅಂದರೆ ಎರಡೂ ಸೇರಿ 31,000ದಲ್ಲಿ ನನಗೆ ಉಳಿದದ್ದು 17,000. ಹೊಸ ಕಚೇರಿಯ ಸಂಬಳ ವಿಭಾಗಕ್ಕೆ ಆ ಹದಿನಾಲ್ಕು ಸಾವಿರದ ಸುಳಿವೇ ಇಲ್ಲ. ಅವರ ಪರದೆಯಲ್ಲಿ ಪೂರ್ತಿ 31,000 ಬಾಕಿ ಎಂದು ರಾಜಾರೋಷವಾಗಿ ಕುಳಿತಿದೆ! ಈ ಒಟ್ಟು ಮಿತಿ ಮೀರಿದ್ದನ್ನು ಮುಂದಿನ ವರ್ಷದ ಏಪ್ರಿಲ್ 15ರೊಳಗೆ ಹಿಂಪಡೆಯದಿದ್ದರೆ ಒಂದೇ ಹಣಕ್ಕೆ ಎರಡು ಬಾರಿ ತೆರಿಗೆ.

ಇದನ್ನು ದಾಟಿ ಬಂದವರು ಹೇಳಿ: ಹಳೆಯ ಚೀಟಿಯನ್ನು ಹೊಸ ಕಚೇರಿಗೆ ಕೊಟ್ಟಿರಾ, ಇಲ್ಲವೇ ಕಡಿತದ ಶೇಕಡಾವಾರನ್ನು ನೀವೇ ಇಳಿಸಿಕೊಂಡಿರಾ?