ಅಮೆರಿಕದ ಕಾಲೇಜಿಗೆ 650 ಪದಗಳ ಪ್ರಬಂಧ: ಎಲ್ಲಿಂದ ಶುರು ಮಾಡ್ಬೇಕು?

ಪ್ರಶ್ನೆ (ಬಳ್ಳಾರಿ, ಸೆಕೆಂಡ್ ಪಿಯುಸಿ):
ಕಾಮನ್ ಆ್ಯಪ್‌ನಲ್ಲಿ (ಅಮೆರಿಕದ ಎಷ್ಟೋ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕೋ ವೆಬ್‌ಸೈಟ್) ಅರ್ಜಿ ಹಾಕ್ಬೇಕು. ಪ್ರಬಂಧ ಅಂದ್ರೆ ನನಗೆ ಗೊತ್ತಿರೋದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಷ್ಟೆ. ಅಮ್ಮ ಮನೇಲಿ ಜೀನ್ಸ್ ಹೊಲೀತಾರೆ. ನಾನು ದಾರ ಕತ್ತರಿಸಿ, ಸೈಜು ನೋಡಿ ಕಟ್ಟು ಕಟ್ತೀನಿ. ಇದನ್ನ ಬರೆದ್ರೆ ಕರುಣೆ ಕೇಳ್ದಂಗೆ ಆಗುತ್ತಾ? ಹಂಪಿ ಬಗ್ಗೆ ಬರೀಲಾ?

ಉತ್ತರ 1:
ಹಂಪಿ ಬ್ಯಾಡ. ಓದಿದವರಿಗೆ ಹಂಪಿ ಗೊತ್ತಾಗುತ್ತೆ, ನೀವು ಗೊತ್ತಾಗಲ್ಲ. ಜೀನ್ಸ್ ಬರೀರಿ. ಆದ್ರೆ ಬಡತನ ಅಲ್ಲಿ ವಿಷಯ ಆಗಬಾರದು. ಆದಾಯದ ಲೆಕ್ಕಕ್ಕೆ ಹಣಕಾಸು ನೆರವಿನ ಫಾರ್ಮ್ ಬೇರೆ ಇದೆ. ಕರೆಂಟು ಹೋಗಿ ಓದು ಕೆಟ್ಟಿದ್ರೆ ಅದನ್ನ ಹೇಳೋಕೂ ಬೇರೆ ಜಾಗ ಇದೆ. ಪ್ರಬಂಧದಲ್ಲಿ ಬೇಕಾಗಿರೋದು ನಿಮ್ಮ ತಲೆ ಹೆಂಗೆ ಓಡುತ್ತೆ ಅನ್ನೋದು. 32ರ ಕಟ್ಟಿನೊಳಗೆ 34 ಸೇರಿಕೊಂಡ್ರೆ ಹೆಂಗೆ ಹಿಡೀತೀರಿ? ಆಮೇಲೆ ಎಣಿಸೋ ಪದ್ಧತಿ ಬದಲಾಯಿಸಿದ್ರಾ? ಅಮ್ಮ ಒಪ್ಪಿದ್ರಾ, ಬೈದ್ರಾ? ಆ ಜಗಳದಲ್ಲೇ ಪ್ರಬಂಧ ಇರುತ್ತೆ.

ಪ್ರಬಂಧಕ್ಕೆ ಆರಿಸ್ಕೊಳ್ಳೋಕೆ ಅಂತ ಅರ್ಜಿಯಲ್ಲಿ ಕೊಟ್ಟಿರೋ ಏಳು ಪ್ರಶ್ನೆಗಳನ್ನ ಮೊದಲೇ ಹಿಡ್ಕೊಂಡು ಕೂರಬೇಡಿ. ಏಳನೇದು "ನಿಮಗಿಷ್ಟವಾದ ವಿಷಯ" ಅಂತಾನೇ ಇದೆ. ನೆನಪಾದ ವಿವರಗಳನ್ನ ಕನ್ನಡದಲ್ಲೇ ಗೀಚಿ. ಆಮೇಲೆ ಆ ಹಾಳೆ ಮುಚ್ಚಿಟ್ಟು ಇಂಗ್ಲಿಷಿನಲ್ಲಿ ಹೊಸದಾಗಿ ಬರೀರಿ. ಸಾಲು ಸಾಲು ಅನುವಾದ ಮಾಡಿದ್ರೆ ವಾಕ್ಯ ಬಾಲ ಬೆಳೆಸ್ಕೊಳ್ಳುತ್ತೆ. ಮೊದಲ ಕರಡು 900 ಪದ ಆದ್ರೂ ಚಿಂತಿಲ್ಲ. ಕತ್ತರಿಸುವಾಗ ಮೊದಲು ಹೋಗೋದು ಪೀಠಿಕೆ, ಆಮೇಲೆ ಉಪಸಂಹಾರ. ಎರಡೂ ಹೋದ್ರೆ ಸಾಮಾನ್ಯವಾಗಿ 650ಕ್ಕೆ ಬಂದು ನಿಲ್ಲುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಾನು ಫಾರ್ಮಿನ ವಿಷಯ ಹೇಳ್ತೀನಿ. 250ಕ್ಕಿಂತ ಕಮ್ಮಿ, 650ಕ್ಕಿಂತ ಜಾಸ್ತಿ ಇದ್ರೆ ತಗೊಳಲ್ಲ. ಬೇರೆ ಕಡೆ ಬರೆದು ಅಂಟಿಸಿ, ಆದ್ರೆ ಪಿಡಿಎಫ್ ಪ್ರಿವ್ಯೂ ತೆಗೆದು ಪ್ಯಾರಾ ಸರಿಯಾಗಿ ಬಿದ್ದಿದಾವಾ ನೋಡಿ. ಇದೇ ಪ್ರಬಂಧ ಎಲ್ಲಾ ಕಾಲೇಜಿಗೂ ಹೋಗುತ್ತೆ, ಹಂಗಾಗಿ ಯಾವ ಕಾಲೇಜಿನ ಹೆಸರೂ ಒಳಗೆ ಬರಬಾರದು. "ನಮ್ಮ ಕಾಲೇಜೇ ಯಾಕೆ" ಅನ್ನೋದಕ್ಕೆ ಎಷ್ಟೋ ಕಾಲೇಜುಗಳು ಪ್ರತ್ಯೇಕ ಪ್ರಶ್ನೆ ಕೇಳ್ತಾವೆ.

ಹೊಸ ವರ್ಷದ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತೆ. ಕೊನೆ ದಿನ ಬೇಗ ಹಾಕೋರಿಗೆ ಹೆಚ್ಚಿನ ಕಡೆ ನವೆಂಬರ್ 1 ಅಥವಾ 15, ಉಳಿದವರಿಗೆ ಜನವರಿ ಮೊದಲ ದಿನಗಳು. ಮಧ್ಯ ನಿಮ್ಮ ಮಿಡ್‌ಟರ್ಮ್ ಬಂದು ಕೂರುತ್ತೆ, ಕರಡು ಅದಕ್ಕೂ ಮುಂಚೆ ಮುಗೀಲಿ. ಚಾಟ್‌ಜಿಪಿಟಿಯಿಂದ ಬರೆಸಿ ನಿಮ್ಮದು ಅಂತ ಹಾಕಿದ್ರೆ ಕಾಮನ್ ಆ್ಯಪ್ ಅದನ್ನ ಮೋಸ ಅಂತಲೇ ಪರಿಗಣಿಸುತ್ತೆ.

ಉತ್ತರ 3 (ರಾಯಚೂರು):
ಇಂಗ್ಲಿಷ್ ಲೆಕ್ಚರರ್‌ಗೆ ತೋರಿಸಿ, ಆದ್ರೆ "ತಿದ್ದಿಕೊಡಿ ಸರ್" ಅನ್ನಬೇಡಿ. ಸ್ಟೇಜ್ ಭಾಷಣದ ಪದ ತುಂಬಿ ಕೊಡ್ತಾರೆ. "ಎಲ್ಲಿ ಅರ್ಥ ಆಗಲಿಲ್ಲ ಅಲ್ಲಿ ಗೆರೆ ಹಾಕಿ ಸರ್" ಅನ್ನಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ರೀ. ಮನೇಲಿ ಹೊಲಿಯೋದು, ವಾಷಿಂಗ್ ಯುನಿಟ್‌ಗೆ ಕಳಿಸೋದು, ಇದೆಲ್ಲ ಅಮೆರಿಕದ ಕಾಲೇಜಿನವರಿಗೆ ತಿಳಿಯುತ್ತಾ?

ಉತ್ತರ 1:
ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. "ಬಟ್ಟೆಗೆ ಮಾಸಿದ ಬಣ್ಣ ಬರಿಸೋ ಘಟಕ" ಅಂದ್ರೆ ಸಾಕು. ಬಳ್ಳಾರಿ ಜೀನ್ಸಿನ ಇತಿಹಾಸ ಶುರು ಮಾಡಿದ್ರೆ 150 ಪದ ಅಲ್ಲೇ ಹೋಗ್ತಾವೆ.